ವಾರ್ಡ್ ಕೆಲಸದಿಂದ ದೊಡ್ಡ ಟೆಂಡರ್‌ಗೆ: ಸಣ್ಣ ಕಂಟ್ರಾಕ್ಟರ್ ಬೆಳೆಯೋದು ಹೇಗೆ

ಬೆಂಗಳೂರಿನ ಮಾಗಡಿ ರೋಡ್ ಕಡೆ ನಮ್ಮದೊಂದು ಸಣ್ಣ ಕಂಟ್ರಾಕ್ಟ್ ಫರ್ಮ್ ಇದೆ. ಚರಂಡಿ, ಫುಟ್‌ಪಾತ್, ಗುಂಡಿ ಮುಚ್ಚೋದು, ಹೂಳೆತ್ತೋದು, ಇಂಥ ಪಾಲಿಕೆ ಕೆಲಸಗಳು. ಅಣ್ಣ ಸೈಟ್ ನೋಡಿಕೊಳ್ಳುತ್ತಾನೆ. ಟೆಂಡರ್, ಬಿಲ್ಲು, ಬ್ಯಾಂಕು ನನ್ನ ಪಾಲು. ಹೊಸದಾಗಿ ಲೈಸೆನ್ಸ್ ಮಾಡಿಸಿದ ಹುಡುಗರು ಬಂದು "ಅಕ್ಕಾ, ದೊಡ್ಡ ಕೆಲಸ ಹಿಡಿಯೋದು ಹೇಗೆ?" ಅಂತ ಕೇಳುತ್ತಾರೆ. ನಾನು ಹೇಳೋದು ಎರಡೇ ಮಾತು. ಮಾಡಿದ ಕೆಲಸ ಕಾಗದದ ಮೇಲೆ ಇರಬೇಕು. ಬಿಲ್ಲು ಪಾಸಾಗಿ ಬರೋವರೆಗೆ ತಡೆಯೋಷ್ಟು ದುಡ್ಡು ಕೈಯಲ್ಲಿರಬೇಕು.

ಮೊದಲು ಟೆಂಡರ್ ಡಾಕ್ಯುಮೆಂಟ್‌ನ ಅರ್ಹತೆ ಪುಟ ಓದಿ. ದೊಡ್ಡ ಕೆಲಸಗಳಿಗೆ ಟೆಂಡರ್ ಕೆಪಾಸಿಟಿ, ಅಂದರೆ ನೀವು ಇನ್ನೂ ಎಷ್ಟು ಮೊತ್ತದ ಕೆಲಸ ಹಿಡಿಯಬಹುದು ಅನ್ನೋ ಲೆಕ್ಕ ಇರುತ್ತದೆ. ಕಳೆದ ಐದು ವರ್ಷದಲ್ಲಿ ಯಾವುದಾದರೂ ಒಂದು ವರ್ಷ ನೀವು ಮಾಡಿದ ಅತಿ ಹೆಚ್ಚು ಕೆಲಸದ ಮೊತ್ತ ತೆಗೆದುಕೊಳ್ಳಿ. ಅದನ್ನು ಹೊಸ ಕೆಲಸದ ಅವಧಿಯಿಂದ (ವರ್ಷದ ಲೆಕ್ಕದಲ್ಲಿ) ಗುಣಿಸಿ. ಮತ್ತೆ 1.5ರಿಂದ ಗುಣಿಸಿ. ಆ ಅವಧಿಯಲ್ಲಿ ನೀವು ಮುಗಿಸಬೇಕಾದ ಬಾಕಿ ಕೆಲಸದ ಮೊತ್ತ ಕಳೆಯಿರಿ. ಉದಾಹರಣೆಗೆ 60 ಲಕ್ಷದ ವರ್ಷ, ಆರು ತಿಂಗಳ ಕೆಲಸ ಅಂದರೆ 60 × 0.5 × 1.5 = 45 ಲಕ್ಷ. ಕೈಯಲ್ಲಿ 20 ಲಕ್ಷದ ಕೆಲಸ ಬಾಕಿ ಇದ್ದರೆ ಉಳಿಯೋದು 25 ಲಕ್ಷ ಅಷ್ಟೇ. ಕೆಲವು ಟೆಂಡರ್‌ಗಳಲ್ಲಿ 1.5 ಬದಲು 2 ಇರುತ್ತದೆ, ನೋಡಿಕೊಳ್ಳಿ. ಸಿಕ್ಕಿದ್ದಕ್ಕೆಲ್ಲ ಟೆಂಡರ್ ಹಾಕಿ ಅರ್ಧಂಬರ್ಧ ಕೆಲಸ ಇಟ್ಟುಕೊಂಡವರಿಗೆ ದೊಡ್ಡದು ಯಾಕೆ ಸಿಗಲ್ಲ ಅನ್ನೋದು ಇಲ್ಲೇ ಗೊತ್ತಾಗುತ್ತದೆ, ಅಲ್ವಾ? ಹಿಡಿದದ್ದನ್ನು ಮುಗಿಸಿ, ಕೆಲಸ ಮುಗಿದ ಸರ್ಟಿಫಿಕೇಟನ್ನು ಆಗಲೇ ಕೇಳಿ ತೆಗೆದುಕೊಳ್ಳಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳಾಗಿವೆ. ಹಳೇ ಕೆಲಸದ ಫೈಲು ಈಗ ಯಾವ ಪಾಲಿಕೆಯ ಯಾವ ಡಿವಿಷನ್‌ನಲ್ಲಿದೆ ಅಂತ ತಿಳಿದಿಟ್ಟುಕೊಳ್ಳಿ.

ಇನ್ನು ಎಂ.ಬಿ., ಅಂದರೆ ಅಳತೆ ಪುಸ್ತಕ. ಇಂಜಿನಿಯರ್ ಇದರಲ್ಲಿ ಬರೆದ ಅಳತೆಗಷ್ಟೇ ಬಿಲ್ಲು. ನಮ್ಮ ಊಟ ಇರೋದೇ ಅದರಲ್ಲಿ. ಚರಂಡಿ ಕೆಲಸದಲ್ಲಿ ಅಗೆತ, ಬೆಡ್ (ತಳದ) ಕಾಂಕ್ರೀಟ್, ಕಂಬಿ ಎಲ್ಲ ಆಮೇಲೆ ಮುಚ್ಚಿಹೋಗುತ್ತವೆ. ಮಣ್ಣು ತುಂಬಿ ಸ್ಲ್ಯಾಬ್ ಹಾಕಿದ ಮೇಲೆ ಯಾವ ಇಂಜಿನಿಯರೂ ಅಗೆದು ನೋಡಿ ಅಳತೆ ಬರೆಯುವುದಿಲ್ಲ. ಅದಕ್ಕೇ ಅಣ್ಣ ಬೆಡ್ ಹಾಕುವ ಮುಂಚೆ ಎಇ (ಸಹಾಯಕ ಇಂಜಿನಿಯರ್) ಅವರಿಗೆ ಫೋನ್ ಮಾಡಿ ಕರೆಸುತ್ತಾನೆ. ಹತ್ತು ಮೀಟರಿಗೊಂದು ಕಡೆ ಸ್ಟಾಫ್ (ಅಳತೆ ಕೋಲು) ನಿಲ್ಲಿಸಿ, ಅಡ್ಡ ಟೇಪ್ ಹಿಡಿದು ಫೋಟೋ ತೆಗೆಯುತ್ತಾನೆ. ಹಿಂದೆ ಅಂಗಡಿ ಬೋರ್ಡೋ ಟ್ರಾನ್ಸ್‌ಫಾರ್ಮರ್ ನಂಬರ್ರೋ ಕಾಣಬೇಕು. ನಮ್ಮ ಊರಿನಲ್ಲಿ ಎಲ್ಲಿ ಅಗೆದರೂ ಜಲಮಂಡಳಿ ಪೈಪು, ಯಾವುದೋ ಕೇಬಲ್ಲು ಅಡ್ಡ ಬಂದೇ ಬರುತ್ತದೆ. ಆಗ ಆಳ ಜಾಸ್ತಿಯಾಗುತ್ತದೆ, ಎಸ್ಟಿಮೇಟ್ ಮೀರುತ್ತದೆ. "ಮಾಡಿ, ಆಮೇಲೆ ನೋಡೋಣ" ಅನ್ನೋ ಮಾತಿನ ಮೇಲೆ ಕೆಲಸ ಮುಂದುವರಿಸಬೇಡಿ. ಅವತ್ತೇ ಪತ್ರ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.

ಡಾಂಬರ್ ಕೆಲಸಕ್ಕೆ ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ವಿಜಿ-30 ದರ್ಜೆಯ ಡಾಂಬರಿನ ಮಿಕ್ಸ್ ಹರಡುವಾಗ ಕನಿಷ್ಠ 140 ಡಿಗ್ರಿ ಸೆಲ್ಸಿಯಸ್ ಇರಬೇಕು. ರೋಲರ್ ಕೆಲಸ 90ಕ್ಕೆ ಇಳಿಯುವ ಮುಂಚೆ ಮುಗಿಯಬೇಕು. ಟಿಪ್ಪರ್ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು ಮಿಕ್ಸ್ ಆರಿದ್ದರೆ ವಾಪಸ್ ಕಳಿಸಿ. ನಷ್ಟ ಆಗುತ್ತದೆ, ನಿಜ. ಆದರೆ ಡಿಎಲ್‌ಪಿ (ಕೆಲಸ ಮುಗಿದ ಮೇಲೂ ದೋಷಕ್ಕೆ ನೀವೇ ಹೊಣೆಯಾಗಿರೋ ಅವಧಿ) ಮುಗಿಯೋವರೆಗೆ ಆ ರಸ್ತೆ ಕಿತ್ತುಬಂದರೆ ರಿಪೇರಿ ಖರ್ಚು ನಿಮ್ಮದೇ.

ದುಡ್ಡಿನ ಲೆಕ್ಕಕ್ಕೆ ಬರೋಣ. 10 ಲಕ್ಷದ ಬಿಲ್ಲಿನಲ್ಲಿ ಪಾರ್ಟ್‌ನರ್‌ಶಿಪ್ ಫರ್ಮ್‌ಗೆ ಆದಾಯ ತೆರಿಗೆ ಟಿಡಿಎಸ್ (ಬಿಲ್ಲಿನಲ್ಲೇ ಹಿಡಿದುಕೊಳ್ಳೋ ತೆರಿಗೆ) 2%, ಜಿಎಸ್‌ಟಿ ಟಿಡಿಎಸ್ 2%, ಕಾರ್ಮಿಕ ಸೆಸ್ 1% ಹೋಗುತ್ತದೆ. ಭದ್ರತಾ ಠೇವಣಿ 5% ಹಿಡಿದರೆ ಒಟ್ಟು ಒಂದು ಲಕ್ಷ ಕೈಗೆ ಬರಲ್ಲ. ಜಲ್ಲಿ, ಮರಳಿನ ರಾಯಲ್ಟಿ ಇದ್ದರೆ ಅದು ಬೇರೆ. ಟಿಡಿಎಸ್ ಆಮೇಲೆ ನಿಮ್ಮ ತೆರಿಗೆಗೆ ಜಮಾ ಆಗುತ್ತದೆ, ಆದರೆ ಶನಿವಾರದ ಬಟವಾಡೆಗೆ ಅದು ಒದಗುವುದಿಲ್ಲ. 18% ಜಿಎಸ್‌ಟಿ ಇನ್ನೊಂದು ತಲೆನೋವು. ಇನ್‌ವಾಯ್ಸ್ ಕೊಟ್ಟ ಮೇಲೆ, ತಿಂಗಳ ರಿಟರ್ನ್ ಹಾಕುವವರಾದರೆ ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು, ಹಣ ಬಂದಿರಲಿ ಬಿಡಲಿ. ಬಿಲ್ಲುಗಳು ತಿಂಗಳುಗಟ್ಟಲೆ ನಿಲ್ಲುತ್ತವೆ ಅನ್ನೋದು ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ಬಾರದ ಬಿಲ್ಲನ್ನು ನಂಬಿ ಬಡ್ಡಿ ಸಾಲ ತಂದು ಹೊಸ ಕೆಲಸ ಶುರು ಮಾಡಬೇಡಿ. ದಯವಿಟ್ಟು ಮಾಡಬೇಡಿ.

ಎಸ್ಆರ್‌ಗಿಂತ, ಅಂದರೆ ಸರ್ಕಾರಿ ದರಪಟ್ಟಿಗಿಂತ, ತೀರಾ ಬಿಲೋ (ಕಡಿಮೆ ರೇಟ್) ಹಾಕೋದೂ ಬೇಡ. ಹೂಳೆತ್ತೋ ಕೆಲಸದಲ್ಲಿ ಹೂಳು ಎಲ್ಲಿಗೆ ಸಾಗಿಸಬೇಕು, ಲೀಡ್ (ಸಾಗಿಸೋ ದೂರ) ಎಷ್ಟು ಕಿಲೋಮೀಟರ್, ರಾತ್ರಿ ಮಾತ್ರ ಲಾರಿ ಓಡಿಸಬೇಕಾ ಅಂತ ಲೆಕ್ಕ ಹಾಕಿ ರೇಟ್ ಕೊಡಿ.

ಜನರ ವಿಷಯದಲ್ಲಿ ರಾಜಿ ಬೇಡ. ಹತ್ತು ಜನ ಆದರೆ ಇಎಸ್ಐ, ಇಪ್ಪತ್ತಾದರೆ ಪಿಎಫ್. ಯಾರು ಎಷ್ಟೇ ಅವಸರ ಮಾಡಲಿ, ಮ್ಯಾನ್‌ಹೋಲ್‌ಗೆ ಮನುಷ್ಯನನ್ನು ಇಳಿಸಬೇಡಿ. ಸುರಕ್ಷಾ ಸಾಧನ ಕೊಡದೆ ಇಳಿಸೋದು, ಕೈಯಿಂದ ಮಲ ಬಾಚುವುದನ್ನು ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಅಪರಾಧ. ಅದಕ್ಕಿಂತ ಮುಖ್ಯ, ಒಳಗಿನ ಗ್ಯಾಸ್‌ಗೆ ಒಂದು ಉಸಿರು ಸಾಕು. ನೀರಿನ ಒತ್ತಡದಿಂದ ಕಟ್ಟಿಕೊಂಡಿದ್ದನ್ನು ಬಿಡಿಸೋ ಜೆಟ್ಟಿಂಗ್ ಮಷೀನ್ ತರಿಸಿ. ಇಲ್ಲದಿದ್ದರೆ ಕೆಲಸ ಬೇಡ ಅನ್ನಿ.

ಕೊನೇದಾಗಿ ಒಂದು ರಿಜಿಸ್ಟರ್ ಇಡಿ. ಕೆಲಸದ ಹೆಸರು, ಜಾಬ್ ನಂಬರ್, ಮುಗಿದ ದಿನ, ಡಿಎಲ್‌ಪಿ ಮುಗಿಯುವ ದಿನ, ಹಿಡಿದಿಟ್ಟ ಠೇವಣಿ, ಇಷ್ಟೇ ಕಾಲಂ. ಠೇವಣಿ ತಾನಾಗಿ ವಾಪಸ್ ಬರುವುದಿಲ್ಲ, ಅರ್ಜಿ ಕೊಡಬೇಕು. ಡಿಎಲ್‌ಪಿ ಮುಗಿಯಲು ಒಂದು ತಿಂಗಳಿರುವಾಗ ನಾವು ಸೈಟಿಗೆ ಹೋಗಿ ಒಡೆದ ಸ್ಲ್ಯಾಬ್, ಕಿತ್ತ ಕರ್ಬ್ ಕಲ್ಲು ಸರಿ ಮಾಡಿಸುತ್ತೇವೆ. ಆ ಫೋಟೋಗಳನ್ನು ಅರ್ಜಿಗೆ ಲಗತ್ತಿಸಿ ಇಇ (ಕಾರ್ಯಪಾಲಕ ಇಂಜಿನಿಯರ್) ಆಫೀಸಿನಲ್ಲಿ ಕೊಟ್ಟು ಬರುತ್ತೇನೆ.