ಔಷಧೀಯ ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ.: ಓದಿದ ಬಗೆ, ಪ್ರಯೋಗ ಮಾಡಿದ ಬಗೆ

ಪದವಿ ತರಗತಿಯಲ್ಲಿ ರಸಾಯನಶಾಸ್ತ್ರವನ್ನೂ ಜೀವಶಾಸ್ತ್ರವನ್ನೂ ಓದಿದ್ದ ನನಗೆ, ನುಂಗಿದ ಮಾತ್ರೆ ದೇಹದೊಳಗೆ ಯಾವ ಅಣುವಿಗೆ ಹೋಗಿ ಅಂಟಿಕೊಳ್ಳುತ್ತದೆ, ಅಂಟಿಕೊಂಡ ಮೇಲೆ ಅಲ್ಲಿ ಏನು ನಡೆಯುತ್ತದೆ ಎಂಬುದನ್ನು ತಿಳಿಯಬೇಕೆಂಬ ಆಸೆಯಿತ್ತು. ಔಷಧೀಯ ಜೀವರಸಾಯನಶಾಸ್ತ್ರದ ಸ್ನಾತಕೋತ್ತರ ಪದವಿಗೆ ಸೇರಿದ್ದು ಅದಕ್ಕಾಗಿಯೇ. ರಕ್ತ, ಮೂತ್ರಗಳ ಪರೀಕ್ಷೆಯಿಂದ ರೋಗ ಪತ್ತೆಹಚ್ಚುವ ಕ್ಲಿನಿಕಲ್ ಬಯೋಕೆಮಿಸ್ಟ್ರಿ ಒಂದು ಕಡೆ, ಹೊಸ ಅಣುಗಳನ್ನು ಸಂಶ್ಲೇಷಿಸುವ ಔಷಧ ರಸಾಯನಶಾಸ್ತ್ರ ಇನ್ನೊಂದು ಕಡೆ. ಇವೆರಡರ ನಡುವೆ ಕಿಣ್ವ ಮತ್ತು ಗ್ರಾಹಕಗಳ (ರಿಸೆಪ್ಟರ್‌ಗಳ) ಮಟ್ಟದಲ್ಲಿ ಔಷಧದ ಕೆಲಸವನ್ನು ಅಳೆಯುವ ವಿಷಯ ಇದು. ಕೋರ್ಸುಗಳ ಹೆಸರುಗಳು ಒಂದನ್ನೊಂದು ಹೋಲುವುದರಿಂದ, ಸೇರುವ ಮೊದಲು ಪಠ್ಯಕ್ರಮವನ್ನೂ ಪ್ರಯೋಗಾಲಯಕ್ಕೆ ಮೀಸಲಿಟ್ಟ ಅವಧಿಯನ್ನೂ ನೋಡುವುದು ಒಳ್ಳೆಯದು.

ಮೊದಲ ಸೆಮಿಸ್ಟರುಗಳಲ್ಲಿ ಚಯಾಪಚಯದ ಮಾರ್ಗಗಳು ರಾಶಿ ಬೀಳುತ್ತವೆ. ಅವನ್ನು ಬಾಯಿಪಾಠ ಮಾಡುವ ಬದಲು, ಪ್ರತಿ ಮಾರ್ಗವನ್ನೂ ಅದನ್ನು ತಡೆಯುವ ಔಷಧದ ಜೊತೆಯಲ್ಲೇ ಓದುವ ಅಭ್ಯಾಸ ಮಾಡಿಕೊಂಡೆ. ಕೊಲೆಸ್ಟೆರಾಲ್ ಸಂಶ್ಲೇಷಣೆಯೆಂದರೆ ಎಚ್‌ಎಂಜಿ-ಕೋಎ ರಿಡಕ್ಟೇಸ್ ಮತ್ತು ಸ್ಟ್ಯಾಟಿನ್‌ಗಳು. ಫೋಲೇಟ್ ಎಂದರೆ ಡೈಹೈಡ್ರೋಫೋಲೇಟ್ ರಿಡಕ್ಟೇಸ್ ಮತ್ತು ಮೆಥೊಟ್ರೆಕ್ಸೇಟ್. ಪ್ಯೂರೀನ್ ವಿಘಟನೆಯಂತೂ ನನಗೆ ಮರೆಯದಂತೆ ಉಳಿದದ್ದು ಗೌಟ್ ಕಾಯಿಲೆಗೆ ಕೊಡುವ ಅಲೊಪ್ಯೂರಿನಾಲ್‌ನಿಂದ: ಯೂರಿಕ್ ಆಮ್ಲವನ್ನು ತಯಾರಿಸುವ ಕ್ಸಾಂಥೀನ್ ಆಕ್ಸಿಡೇಸ್ ಈ ಔಷಧವನ್ನೂ ತನ್ನ ಸಬ್‌ಸ್ಟ್ರೇಟ್ (ಕಿಣ್ವ ಪರಿವರ್ತಿಸುವ ವಸ್ತು) ಎಂದೇ ಬಗೆದು ಆಕ್ಸಿಪ್ಯೂರಿನಾಲ್ ಆಗಿ ಪರಿವರ್ತಿಸುತ್ತದೆ, ಮತ್ತು ಹಾಗೆ ಹುಟ್ಟಿದ ಆಕ್ಸಿಪ್ಯೂರಿನಾಲ್ ಆ ಕಿಣ್ವವನ್ನೇ ಬಿಗಿಯಾಗಿ ಹಿಡಿದು ನಿಲ್ಲಿಸುತ್ತದೆ. ರಕ್ತದೊತ್ತಡ ಇಳಿಸುವ ಕ್ಯಾಪ್ಟೊಪ್ರಿಲ್‌ನ ಇತಿಹಾಸವನ್ನು ಓದಿದಾಗಲೂ ಇಂಥದೇ ಸಂತೋಷವಾಯಿತು. ಬ್ರೆಜಿಲ್‌ನ ಒಂದು ವೈಪರ್ ಜಾತಿಯ ಹಾವಿನ ವಿಷದಲ್ಲಿದ್ದ ಪೆಪ್ಟೈಡ್‌ಗಳಿಂದ ಸುಳಿವು ಪಡೆದು, ರಕ್ತದೊತ್ತಡ ಏರಿಸುವ ಎಸಿಇ ಎಂಬ ಕಿಣ್ವದೊಳಗಿನ ಸತುವಿನ ಅಯಾನಿಗೆ ಅಂಟುವಂತೆ ಗಂಧಕದ ಗುಂಪೊಂದನ್ನು ಜೋಡಿಸಿ ರೂಪಿಸಿದ ಅಣು ಅದು. 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು.

ಕಿಣ್ವಗಳ ವೇಗಶಾಸ್ತ್ರವನ್ನು ಹೆಚ್ಚಿನವರು ಪರೀಕ್ಷೆಗಷ್ಟೇ ಓದಿ ಬಿಟ್ಟುಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಡೀ ಪದವಿ ನಿಂತಿರುವುದು ಅದರ ಮೇಲೆಯೇ. ಮೈಕೇಲಿಸ್ ಮತ್ತು ಮೆಂಟೆನ್ 1913ರಲ್ಲಿ ಕೊಟ್ಟ, ಸಬ್‌ಸ್ಟ್ರೇಟ್‌ನ ಸಾಂದ್ರತೆಗೂ ಕಿಣ್ವದ ವೇಗಕ್ಕೂ ಇರುವ ಸಂಬಂಧದ ಸಮೀಕರಣವನ್ನು ಲೈನ್‌ವೀವರ್ ಮತ್ತು ಬರ್ಕ್ 1934ರಲ್ಲಿ ಸರಳರೇಖೆಯಾಗಿ ಬಿಡಿಸಿದರು. ಆ ರೇಖೆ ನೋಡಲು ಅಚ್ಚುಕಟ್ಟಾಗಿರುತ್ತದೆ, ಆದರೆ ವಿಲೋಮ ತೆಗೆದುಕೊಂಡಾಗ ಕಡಿಮೆ ಸಾಂದ್ರತೆಯ ಅಳತೆಗಳಲ್ಲಿರುವ ಸಣ್ಣ ದೋಷವೂ ಹಿಗ್ಗಿ ಇಡೀ ರೇಖೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಆದ್ದರಿಂದ ಪ್ರತಿಬಂಧದ (ಕಿಣ್ವವನ್ನು ತಡೆಯುವುದರ) ಬಗೆಯನ್ನು ಕಣ್ಣಿಗೆ ತೋರಿಸಲು ಮಾತ್ರ ಅದನ್ನು ಬಳಸಿ, ವಿಮ್ಯಾಕ್ಸ್ (ಕಿಣ್ವದ ಗರಿಷ್ಠ ವೇಗ) ಮತ್ತು ಕೆಎಂ (ಅದರ ಅರ್ಧ ವೇಗಕ್ಕೆ ಬೇಕಾದ ಸಬ್‌ಸ್ಟ್ರೇಟ್ ಸಾಂದ್ರತೆ)ಗಳನ್ನು ಮೂಲ ವಕ್ರರೇಖೆಯಿಂದಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದೆ.

ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು, ನರಗಳ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನನ್ನು ಒಡೆಯುವ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ. ಆಲ್ಜೈಮರ್ ಕಾಯಿಲೆಯಲ್ಲಿ ಕೊಡುವ ಡೊನೆಪೆಜಿಲ್, ಗ್ಯಾಲಂಟಮೈನ್, ರಿವಾಸ್ಟಿಗ್ಮಿನ್ ಮೂರೂ ಇದನ್ನೇ ತಡೆಯುತ್ತವೆ. ಅಳತೆಗೆ ಎಲ್‌ಮನ್ ಮತ್ತು ಸಂಗಡಿಗರು 1961ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಚಾಲ್ತಿಯಲ್ಲಿದೆ. ಅಸಿಟೈಲ್‌ಥಯೋಕೋಲಿನ್ ಎಂಬ ಕೃತಕ ಸಬ್‌ಸ್ಟ್ರೇಟನ್ನು ಕಿಣ್ವ ಒಡೆದಾಗ ಥಯೋಕೋಲಿನ್ ಹೊರಬರುತ್ತದೆ. ಅದು ಡಿಟಿಎನ್‌ಬಿ ಎಂಬ ಕಾರಕದೊಡನೆ ವರ್ತಿಸಿ ಹಳದಿ ಬಣ್ಣವನ್ನು ಕೊಡುತ್ತದೆ. 412 ನ್ಯಾನೊಮೀಟರ್‌ನಲ್ಲಿ ಆ ಹಳದಿ ಏರುವ ವೇಗವೇ ಕಿಣ್ವದ ವೇಗ. ಪರೀಕ್ಷಿಸಬೇಕಾದ ಸಂಯುಕ್ತವಿದ್ದಾಗ ಏರಿಕೆ ನಿಧಾನವಾದರೆ ಅದು ಕಿಣ್ವವನ್ನು ತಡೆಯುತ್ತಿದೆ ಎಂದು ಬರೆದುಕೊಳ್ಳಬೇಕೆನಿಸುತ್ತದೆ.

ಹಾಗೆ ಬರೆದುಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳೇ ನನ್ನ ಪ್ರಾಜೆಕ್ಟಿನ ಬಹುಪಾಲು ಸಮಯವನ್ನು ತೆಗೆದುಕೊಂಡವು. ಬಫರ್‌ನ (ಪಿಎಚ್ ಬದಲಾಗದಂತೆ ಕಾಯುವ ದ್ರಾವಣದ) ಪಿಎಚ್ 8ರ ಆಸುಪಾಸಿನಲ್ಲಿರುವುದರಿಂದ ಕಿಣ್ವವಿಲ್ಲದಿದ್ದರೂ ಸಬ್‌ಸ್ಟ್ರೇಟ್ ತಾನಾಗಿಯೇ ಸ್ವಲ್ಪ ಒಡೆಯುತ್ತದೆ. ಹೀಗಾಗಿ ಪ್ಲೇಟಿನಲ್ಲಿ ಕಿಣ್ವ ಹಾಕದ ಬಾವಿಗಳೂ (ದ್ರಾವಣ ಹಾಕುವ ಪುಟ್ಟ ಗುಳಿಗಳೂ) ನಿಧಾನವಾಗಿ ಹಳದಿಗೆ ತಿರುಗುತ್ತವೆ, ಆ ವೇಗವನ್ನು ಎಲ್ಲದರಿಂದಲೂ ಕಳೆಯಬೇಕು. ಸಂಯುಕ್ತದಲ್ಲೇ ಥಯೋಕೋಲಿನ್‌ನಲ್ಲಿರುವಂಥ ಥಯಾಲ್ (ಗಂಧಕ-ಜಲಜನಕ) ಗುಂಪಿದ್ದರೆ ಅದು ನೇರವಾಗಿ ಡಿಟಿಎನ್‌ಬಿಯೊಡನೆ ವರ್ತಿಸುತ್ತದೆ. ಸಂಯುಕ್ತವೇ ಹಳದಿಯಾಗಿದ್ದರೆ ಆರಂಭದ ರೀಡಿಂಗೇ ಮೇಲೆ ಕುಳಿತಿರುತ್ತದೆ. ನೀರಿನಲ್ಲಿ ಕರಗದ ಸಂಯುಕ್ತಗಳನ್ನು ಕರಗಿಸಲು ಬಳಸುವ ಡಿಎಂಎಸ್‌ಒ ದ್ರಾವಕವೂ ಈ ಕಿಣ್ವವನ್ನು ಒಂದಿಷ್ಟು ತಡೆಯುವುದರಿಂದ, ಕಂಟ್ರೋಲ್ ಸೇರಿದಂತೆ ಪ್ರತಿ ಬಾವಿಯಲ್ಲೂ ಅದರ ಪ್ರಮಾಣ ಒಂದೇ ಆಗಿರುವಂತೆ, ಅದೂ ಆದಷ್ಟು ಕಡಿಮೆ ಇರುವಂತೆ ನೋಡಿಕೊಂಡೆ. ಸಬ್‌ಸ್ಟ್ರೇಟನ್ನು ಧಾರಾಳವಾಗಿ ಸುರಿದರೆ ಸಾಕು ಎನ್ನುವಂತೆಯೂ ಇಲ್ಲ. ಅದು ಅತಿಯಾದರೆ ಈ ಕಿಣ್ವ ತಾನೇ ಮಂದವಾಗುತ್ತದೆ.

ಇವೆಲ್ಲಕ್ಕಿಂತ ಕಪಟವಾದದ್ದು ಇನ್ನೊಂದಿದೆ. ಕೆಲವು ಸಂಯುಕ್ತಗಳ ಅಣುಗಳು ನೀರಿನಲ್ಲಿ ಒಟ್ಟುಗೂಡಿ ಕಣ್ಣಿಗೆ ಕಾಣದ ಗುಂಪುಗಳಾಗುತ್ತವೆ, ಆ ಗುಂಪುಗಳು ಜೇಡನ ಬಲೆಯಂತೆ ಯಾವ ಕಿಣ್ವ ಸಿಕ್ಕರೂ ಹಿಡಿದುಹಾಕುತ್ತವೆ. ಅಂಕಿಗಳನ್ನು ನೋಡಿದರೆ ಅತ್ಯುತ್ತಮ ಪ್ರತಿಬಂಧಕ ಸಿಕ್ಕಂತೆಯೇ ತೋರುತ್ತದೆ. ಇದನ್ನು ಪರೀಕ್ಷಿಸಲು ಬಫರಿಗೆ 0.01 ಶೇಕಡಾ ಟ್ರೈಟಾನ್ ಎಕ್ಸ್-100 ಎಂಬ ಡಿಟರ್ಜೆಂಟ್ ಸೇರಿಸಿ ಅದೇ ಪ್ರಯೋಗವನ್ನು ಪುನಃ ಮಾಡಬೇಕು. ಪ್ರತಿಬಂಧ ಮಾಯವಾದರೆ ಆ ಸಂಯುಕ್ತವನ್ನು ಪಕ್ಕಕ್ಕಿಡಬೇಕು. ನನ್ನ ಪಟ್ಟಿಯ ಆಕರ್ಷಕ ಸಂಯುಕ್ತಗಳಲ್ಲಿ ಕೆಲವು ಹೀಗೆಯೇ ಬಿದ್ದುಹೋದವು. ಉಳಿದ ಪಟ್ಟಿ ಚಿಕ್ಕದಾಗಿದ್ದರೂ ಅದರ ಮೇಲೆ ನನಗೆ ಭರವಸೆಯಿತ್ತು.

ಐಸಿ50 ಎಂಬ ಅಂಕಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಕಿಣ್ವದ ವೇಗವನ್ನು ಅರ್ಧಕ್ಕಿಳಿಸುವ ಈ ಸಾಂದ್ರತೆ, ಸಬ್‌ಸ್ಟ್ರೇಟ್‌ನ ಜಾಗಕ್ಕೇ ಪೈಪೋಟಿ ಮಾಡುವ ಸ್ಪರ್ಧಾತ್ಮಕ ಪ್ರತಿಬಂಧಕಗಳ ವಿಷಯದಲ್ಲಿ, ನಾವು ಹಾಕಿದ ಸಬ್‌ಸ್ಟ್ರೇಟ್ ಎಷ್ಟೆಂಬುದರ ಮೇಲೆ ಬದಲಾಗುತ್ತದೆ. ಚೆಂಗ್ ಮತ್ತು ಪ್ರುಸಾಫ್ 1973ರಲ್ಲಿ ತೋರಿಸಿದ ಸಂಬಂಧದ ಪ್ರಕಾರ ಸಬ್‌ಸ್ಟ್ರೇಟ್‌ನ ಸಾಂದ್ರತೆ ಕೆಎಂಗೆ ಸಮನಾಗಿದ್ದಾಗ ಐಸಿ50, ಪ್ರತಿಬಂಧಕ ಕಿಣ್ವಕ್ಕೆ ಎಷ್ಟು ಬಿಗಿಯಾಗಿ ಅಂಟುತ್ತದೆಂದು ತಿಳಿಸುವ ಸ್ಥಿರಾಂಕವಾದ ಕೆಐಯ ಎರಡರಷ್ಟಿರುತ್ತದೆ. ಬೇರೆ ಬೇರೆ ಲೇಖನಗಳ ಐಸಿ50ಗಳನ್ನು ಒಂದೇ ಕೋಷ್ಟಕದಲ್ಲಿಟ್ಟು ಹೋಲಿಸುವವರು ಈ ಅಂಶವನ್ನು ಮರೆಯುವುದೇ ಹೆಚ್ಚು.

ಸಂಯುಕ್ತವೊಂದು ಕಿಣ್ವದೊಳಗೆ ಹೇಗೆ ಕೂರಬಹುದೆಂದು ಅಂದಾಜಿಸುವ ಡಾಕಿಂಗ್ ಎಂಬ ಕಂಪ್ಯೂಟರ್ ಕೆಲಸವನ್ನೂ ಮಾಡಿದೆ. 1991ರಲ್ಲಿ ವಿದ್ಯುತ್ ಮೀನೊಂದರ ಅಸಿಟೈಲ್‌ಕೋಲಿನೆಸ್ಟರೇಸ್‌ನ ರಚನೆ ಬಯಲಾದಾಗ, ಅದರ ಕ್ರಿಯಾಸ್ಥಾನ ಸುಮಾರು 20 ಆಂಗ್‌ಸ್ಟ್ರಾಮ್ ಆಳದ ಕಿರಿದಾದ ಕಂದರದ ತಳದಲ್ಲಿದೆಯೆಂದು ತಿಳಿದುಬಂತು. ಉದ್ದನೆಯ ಡೊನೆಪೆಜಿಲ್ ಆ ಕಂದರದ ತಳದಿಂದ ಬಾಯಿಯವರೆಗೂ ಚಾಚಿಕೊಂಡಿರುತ್ತದೆ. ಹೊಸ ಸಂಯುಕ್ತಗಳನ್ನು ಕೂರಿಸುವ ಮೊದಲು, ಸ್ಫಟಿಕ ರಚನೆಯಲ್ಲಿರುವ ಡೊನೆಪೆಜಿಲನ್ನೇ ತೆಗೆದು ಮತ್ತೆ ಕೂರಿಸಿ, ಅದು ಮೊದಲಿದ್ದ ಭಂಗಿಗೇ ಮರಳುತ್ತದೆಯೇ ಎಂದು ನೋಡಿಕೊಂಡೆ. ಡಾಕಿಂಗ್ ಸ್ಕೋರನ್ನು ಪ್ರಯೋಗದ ಫಲಿತಾಂಶಕ್ಕೆ ವಿವರಣೆ ಹುಡುಕಲು ಬಳಸಿದೆನೇ ಹೊರತು ಫಲಿತಾಂಶವೆಂದು ಬರೆಯಲಿಲ್ಲ. ಬಣ್ಣಬಣ್ಣದ ಆ ಚಿತ್ರಗಳು ಪ್ರಬಂಧದ ಪುಟಗಳನ್ನು ಸುಲಭವಾಗಿ ತುಂಬಿಸುತ್ತವೆ ಎಂಬುದನ್ನು ಒಪ್ಪುತ್ತೇನೆ.

ಪ್ರಬಂಧ ಬರೆಯುವಾಗ ನೆರವಿಗೆ ಬಂದದ್ದು ಲ್ಯಾಬ್ ನೋಟ್‌ಬುಕ್. ಯಾವ ಲಾಟ್‌ನ ಕಿಣ್ವ, ಡಿಟಿಎನ್‌ಬಿಯನ್ನು ಎಂದು ತಯಾರಿಸಿದ್ದು, ಪ್ಲೇಟಿನ ಯಾವ ಬಾವಿಯಲ್ಲಿ ಏನಿತ್ತು ಎಂಬುದನ್ನೆಲ್ಲ ಅಂದಂದೇ ಬರೆದಿಟ್ಟಿದ್ದರಿಂದ, ಬಿಟ್ಟುಬಿಟ್ಟ ಸಂಯುಕ್ತಗಳ ಅಧ್ಯಾಯವನ್ನೂ ದಾಖಲೆಯೊಂದಿಗೆ ಸೇರಿಸಲು ಸಾಧ್ಯವಾಯಿತು. ವೈವಾದಲ್ಲಿ ಪರೀಕ್ಷಕರು ಉತ್ತಮ ಐಸಿ50 ಬಂದ ಸಂಯುಕ್ತದ ಬಗ್ಗೆ ಹೆಚ್ಚೇನೂ ಕೇಳಲಿಲ್ಲ. ಟ್ರೈಟಾನ್ ಹಾಕಿದ ಮೇಲೆ ಬಿದ್ದುಹೋದ ಸಂಯುಕ್ತಗಳ ರಚನೆಯಲ್ಲಿ ಸಾಮಾನ್ಯವಾದದ್ದೇನಾದರೂ ಇದೆಯೇ ಎಂದು ವಿಚಾರಿಸಿದರು, ಮತ್ತು ಚರ್ಚೆಯ ಬಹುಭಾಗ ಅಲ್ಲಿಯೇ ನಡೆಯಿತು.