ಹಳೆಯ ಪುಸ್ತಕ ಕೊಳ್ಳುವ ಮುನ್ನ ಪುಟ ಎಣಿಸಿ

ಪರಿಚಯದ ಯುವಕರೊಬ್ಬರು ಈಚೆಗೆ ಹಳೆಯ ಕನ್ನಡ ಪುಸ್ತಕವೊಂದನ್ನು ತಂದು ತೋರಿಸಿದರು. ಕೆಂಪು ರೆಕ್ಸಿನ್ನಿನ ಹೊಸ ಬೈಂಡು, ಬೆನ್ನಿನ ಮೇಲೆ ಚಿನ್ನದ ಬಣ್ಣದ ಅಕ್ಷರ. ನಾಲ್ಕು ಸಾವಿರ ಕೊಟ್ಟಿದ್ದರು. 48ನೇ ಪುಟ ಮಗುಚಿದರೆ ಎದುರಾದದ್ದು 65ನೇ ಪುಟ. ನಡುವಿನ ಒಂದು ಇಡೀ ಫಾರಂ, ಅಂದರೆ ಒಂದೇ ಹಾಳೆಯಲ್ಲಿ ಅಚ್ಚು ಹಾಕಿ ಮಡಿಸಿದ ಹದಿನಾರು ಪುಟಗಳ ಕಂತೆ, ಇರಲಿಲ್ಲ. ಮೂಲ ಮುಖಪುಟವನ್ನು ಬೈಂಡಿನವರು ಕಿತ್ತೆಸೆದಿದ್ದರು. ಅಂಚು ಕತ್ತರಿಸುವಾಗ ಪುಟದ ತಲೆಯಲ್ಲಿದ್ದ ಅಧ್ಯಾಯದ ಹೆಸರೂ ಅರ್ಧ ಹೋಗಿತ್ತು. ಅಂಗಡಿಯಲ್ಲಿ ಹತ್ತು ನಿಮಿಷ ಕೂತು ನೋಡಿದ್ದರೆ ಇದಿಷ್ಟೂ ಅಲ್ಲೇ ಕಾಣುತ್ತಿತ್ತು. ಇಂಥ ಪುಸ್ತಕಗಳನ್ನು ಎಷ್ಟೋ ಜನರ ಕೈಯಲ್ಲಿ ಕಂಡಿದ್ದೇನೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಏನನ್ನು ಕೂಡಿಡಬೇಕು, ಎಲ್ಲಿ ಹುಡುಕಬೇಕು

ಒಬ್ಬ ಲೇಖಕ, ಒಂದು ಮುದ್ರಣಾಲಯ, ಒಂದು ಊರು, ಒಂದು ವಿಷಯ: ಯಾವುದಾದರೂ ಒಂದನ್ನು ಹಿಡಿಯಿರಿ. ಹುಡುಕಲು ಬೆಂಗಳೂರಿನ ಅವೆನ್ಯೂ ರಸ್ತೆ, ಚರ್ಚ್ ಸ್ಟ್ರೀಟ್ ಸರಿ. ಅದಕ್ಕಿಂತ ಒಳ್ಳೆಯದು ನಿಮ್ಮೂರಿನ ರದ್ದಿ ಅಂಗಡಿಯವರಿಗೆ ಹೇಳಿಟ್ಟಿರುವುದು. ಮನೆ ಖಾಲಿ ಮಾಡುವವರ ಪುಸ್ತಕಗಳು ಮೊದಲು ತೂಕಕ್ಕೆ ಬೀಳುವುದು ಅಲ್ಲೇ.

ವಯಸ್ಸು ಕಂಡುಹಿಡಿಯುವುದು

ಶೀರ್ಷಿಕೆ ಪುಟದಲ್ಲಿ ಇಸವಿ ಇದ್ದರೆ ಕೆಲಸ ಸುಲಭ. ಎಷ್ಟೋ ಹಳೆಯ ಕನ್ನಡ ಪುಸ್ತಕಗಳಲ್ಲಿ ಸಂವತ್ಸರದ ಹೆಸರಷ್ಟೇ ಇರುತ್ತದೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ‘ಪ್ರಭವ’ ಎಂದಿದ್ದರೆ ಅದು 1867 ಇರಬಹುದು, 1927 ಇರಬಹುದು, 1987 ಕೂಡ ಇರಬಹುದು. ಆಗ ಬೆಲೆ ನೋಡಿ. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು. ಬೆಲೆ ಆಣೆಯಲ್ಲಿದ್ದರೆ 1987 ಬಿಟ್ಟುಹೋಯಿತು. ಬೆಲೆಯ ಪಕ್ಕ ‘ನ.ಪೈ.’ ಎಂದಿದ್ದರೆ ಅದು ನಯೇ ಪೈಸೆಯ ಕಾಲ, 1957ರಿಂದ 1964ರ ನಡುವಿನ ಪುಸ್ತಕ. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಒಂದು ಎಚ್ಚರಿಕೆ: ಸಂವತ್ಸರ ಶುರುವಾಗುವುದು ಯುಗಾದಿಗೆ. ಮಾಘ, ಫಾಲ್ಗುಣದಲ್ಲಿ ಅಚ್ಚಾದ ಪುಸ್ತಕಕ್ಕೆ ಇಸವಿ ಒಂದು ಮುಂದಕ್ಕೆ ಹೋಗುತ್ತದೆ.

ಇಸವಿ ಇದ್ದರೂ ಮೋಸಹೋಗುವ ಜಾಗ ಒಂದಿದೆ. ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದದ್ದು 1894ರಲ್ಲಿ. ಮುಂದೆ ಅದನ್ನು ಹಾಗೆಯೇ ಫೋಟೋ ತೆಗೆದು ಮರುಮುದ್ರಿಸಿದರು. ಮೂಲದ ಶೀರ್ಷಿಕೆ ಪುಟ 1894 ಸಮೇತ ಅದರಲ್ಲೂ ಇದೆ. ಇಸವಿ ನೋಡಿ ಮರುಮುದ್ರಣಕ್ಕೆ ಮೂಲದ ಬೆಲೆ ಕೊಡಬೇಡಿ. ಪುಟದ ಹಿಂಬದಿಯನ್ನು ಬೆರಳ ತುದಿಯಿಂದ ಮೆಲ್ಲಗೆ ಸವರಿ. ಅಕ್ಷರದ ಲೋಹದ ಮೊಳೆ ಜೋಡಿಸಿ ಅಚ್ಚು ಹಾಕಿದ ಪುಟದಲ್ಲಿ ಅಕ್ಷರಗಳ ಒತ್ತು ಬೆರಳಿಗೆ ಸಿಗುತ್ತದೆ. ಫೋಟೋ ತೆಗೆದು ಮರುಮುದ್ರಿಸುವ ಆಫ್‌ಸೆಟ್‌ನಲ್ಲಿ ಹಾಳೆ ನುಣುಪು. ಹಾಗೆಂದು ನುಣುಪಾದದ್ದೆಲ್ಲ ಹೊಸದಲ್ಲ. ಬಾಸೆಲ್ ಮಿಷನ್ ಮುದ್ರಣಾಲಯ 1841ರಲ್ಲಿ ಶುರುವಾದದ್ದು ಕಲ್ಲಚ್ಚಿನಿಂದ, ಅಂದರೆ ಕಲ್ಲಿನ ಮೇಲೆ ಬರಹ ಮೂಡಿಸಿ ಅಚ್ಚು ಹಾಕುವ ವಿಧಾನದಿಂದ. 1843ರ ‘ಮಂಗಳೂರು ಸಮಾಚಾರ’ ಪತ್ರಿಕೆ ಅಚ್ಚಾದದ್ದೂ ಕಲ್ಲಚ್ಚಿನಲ್ಲೇ. ಕಲ್ಲಚ್ಚಿನಲ್ಲಿ ಮೊಳೆಯ ಒತ್ತು ಇರುವುದಿಲ್ಲ, ಅಕ್ಷರಗಳು ಕೈಬರಹದಂತೆ ಕಾಣುತ್ತವೆ. ಅಂಥದ್ದು ಕಣ್ಣಿಗೆ ಬಿದ್ದರೆ ಕೆಳಗಿಡಬೇಡಿ.

ಸ್ಥಿತಿ ನೋಡುವುದು: ಎಲ್ಲರೂ ಎಡವುವುದು ಇಲ್ಲಿ

ಮೊದಲು ಪುಸ್ತಕವನ್ನು ಕಪಾಟಿನಿಂದ ತೆಗೆಯುವ ರೀತಿ. ಬೆನ್ನಿನ ತುದಿಗೆ ಬೆರಳು ಕೊಕ್ಕೆ ಹಾಕಿ ಎಳೆಯಬೇಡಿ. ಅಕ್ಕಪಕ್ಕದ ಪುಸ್ತಕಗಳನ್ನು ಸ್ವಲ್ಪ ಒಳಕ್ಕೆ ತಳ್ಳಿ, ಬೇಕಾದುದನ್ನು ನಡುವಿನಲ್ಲಿ ಹಿಡಿದು ತೆಗೆಯಿರಿ. ಮೇಜಿನ ಮೇಲಿಟ್ಟು, ರಟ್ಟಿಗೆ ಅಂಗೈ ಆಸರೆ ಕೊಟ್ಟು ತೆರೆಯಿರಿ. 180 ಡಿಗ್ರಿ ಬಿಡಿಸಲು ಹೋಗಬೇಡಿ.

ಈಗ ಎಣಿಕೆ. ಬಹುಪಾಲು ಪುಸ್ತಕಗಳಲ್ಲಿ ಎಂಟು ಅಥವಾ ಹದಿನಾರು ಪುಟಕ್ಕೊಂದು ಫಾರಂ. ಹೊಸ ಫಾರಂ ಶುರುವಾಗುವ ಪುಟದ ಅಡಿಯಲ್ಲಿ ಸಣ್ಣದೊಂದು ಅಂಕಿಯೋ ಅಕ್ಷರವೋ ಇರುತ್ತದೆ. ಹದಿನಾರು ಪುಟದ ಫಾರಂ ಆದರೆ 1, 17, 33, 49 ಹೀಗೆ ಆ ಪುಟಗಳನ್ನು ಹುಡುಕುತ್ತಾ ಹೋಗಿ. ಕಾಣೆಯಾಗುವಾಗ ಪುಟಗಳು ಫಾರಂ ಫಾರಂ ಆಗಿಯೇ ಕಾಣೆಯಾಗುತ್ತವೆ. ಒಂದೇ ಫಾರಂ ಎರಡು ಸಲ ಹೊಲಿದು, ಇನ್ನೊಂದನ್ನು ಬಿಟ್ಟಿರುವುದೂ ಉಂಟು. ಆಮೇಲೆ ಮುನ್ನುಡಿ, ಅರಿಕೆಯ ಪುಟಗಳು. ಇವಕ್ಕೆ ಬೇರೆ ಲೆಕ್ಕ ಇರುವುದರಿಂದ ಹೋದರೂ ಗೊತ್ತಾಗುವುದಿಲ್ಲ. ಚಿತ್ರದ ಹಾಳೆಗಳು ಪುಟಸಂಖ್ಯೆಯೊಳಗೆ ಸೇರದಿದ್ದರೆ ಚಿತ್ರಗಳ ಪಟ್ಟಿ ತೆಗೆದು ಒಂದೊಂದನ್ನೇ ತಾಳೆ ನೋಡಿ. ಕೊನೆಗೆ ತಪ್ಪೊಪ್ಪೋಲೆ, ಅಂದರೆ ಅಚ್ಚಿನ ತಪ್ಪುಗಳ ಪಟ್ಟಿ. ಅದನ್ನು ಬಿಡಿ ಹಾಳೆಯಾಗಿ ಅಂಟಿಸಿದ್ದರೆ ಮೊದಲು ಕಳಚಿ ಬೀಳುವುದು ಅದೇ. ಮುದ್ರಕರ ಹೆಸರಿನ ಸಾಲನ್ನೂ ಹುಡುಕಿ. 1867ರ ಕಾಯ್ದೆಯ ಪ್ರಕಾರ ಪ್ರತಿ ಪುಸ್ತಕದಲ್ಲೂ ಮುದ್ರಕರ ಹೆಸರು, ಊರು ಅಚ್ಚಾಗಬೇಕಿತ್ತು. ಆ ನಂತರದ ಪುಸ್ತಕದಲ್ಲಿ ಎಲ್ಲೂ ಅದು ಕಾಣದಿದ್ದರೆ ಒಂದು ಹಾಳೆ ಹೋಗಿದೆ ಎಂದೇ ನಾನು ಎಣಿಸುತ್ತೇನೆ. ಅಂತರ್ಜಾಲದಲ್ಲಿ ಅದೇ ಪುಸ್ತಕದ ಸ್ಕ್ಯಾನ್ ಪ್ರತಿ ಸಿಕ್ಕಿದರೆ ಮೊಬೈಲಿನಲ್ಲೇ ತೆರೆದು ಹೋಲಿಸಿ.

ಬೈಂಡಿನ ವಿಷಯದಲ್ಲಿ ನನ್ನ ಮಾತು ಖಡಾಖಂಡಿತ: ಹೊಸ ಬೈಂಡಿನ ಅಂದದ ಪ್ರತಿಗಿಂತ, ಬೆನ್ನು ಹರಿದಿದ್ದರೂ ಮೂಲ ಹೊದಿಕೆ ಉಳಿದಿರುವ ಪ್ರತಿಯನ್ನೇ ಕೊಳ್ಳಿ. ಹಿಂಬದಿಯ ಹೊದಿಕೆಯಲ್ಲಿ ಬೆಲೆ ಇರುತ್ತದೆ, ಪ್ರಕಾಶಕರ ಇತರ ಪುಸ್ತಕಗಳ ಪಟ್ಟಿ ಇರುತ್ತದೆ. ಅದನ್ನು ಎಸೆದರೆ ವಯಸ್ಸು ಹೇಳುವ ಸಾಕ್ಷಿಯೇ ಹೋಯಿತು. ಫಾರಂನ ನಟ್ಟನಡುವೆ ತೆರೆದು ನೋಡಿ. ಮಡಿಕೆಯಲ್ಲಿ ದಾರ ಕಂಡರೆ ಅದು ಸರಿಯಾದ ಹೊಲಿಗೆ. ದಾರ ಅಲ್ಲಿ ಕಾಣದೆ, ಪುಟ ಪೂರ್ತಿ ತೆರೆಯದೆ ಬಿಗಿಯಾಗಿದ್ದರೆ ಅಂಚಿಗೆ ತೂತು ಹೊಡೆದು ಪಕ್ಕ ಹೊಲಿಗೆ ಹಾಕಿದ್ದಾರೆ. ಅಂಥ ಪುಸ್ತಕವನ್ನು ಪ್ರತಿ ಸಲ ತೆರೆದಾಗಲೂ ಹಾಳೆ ಹೊಲಿಗೆಯ ಪಕ್ಕ ಮುರಿಯುತ್ತಾ ಹೋಗುತ್ತದೆ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳು ಬಂದದ್ದು 1907, 1919, 1929ರಲ್ಲಿ. ಮೂರಕ್ಕೂ ಅಚ್ಚುಕಟ್ಟಾಗಿ ಒಂದೇ ಬಟ್ಟೆ, ಒಂದೇ ಅಳತೆ ಇದ್ದರೆ ಯಾರೋ ಆಮೇಲೆ ಕಟ್ಟಿಸಿದ್ದಾರೆ ಎಂದುಕೊಂಡು, ಅಂಚು ಎಷ್ಟು ಕತ್ತರಿಸಿದ್ದಾರೆ ನೋಡಿ.

ಕಾಗದಕ್ಕೆ ಬರೋಣ. ಹತ್ತೊಂಬತ್ತನೇ ಶತಮಾನದ ನಡುವಿನವರೆಗೆ ಕಾಗದವನ್ನು ಹೆಚ್ಚಾಗಿ ಚಿಂದಿಬಟ್ಟೆಯಿಂದ ಮಾಡುತ್ತಿದ್ದರು. ಆಮೇಲೆ ಮರದ ತಿರುಳು ಬಂತು. ಅದಕ್ಕೆ ಹಾಕುತ್ತಿದ್ದ ಪಟಿಕ ಮತ್ತು ರಾಳದಿಂದ ಹುಟ್ಟುವ ಆಮ್ಲ ಹಾಳೆಯನ್ನು ಒಳಗಿಂದಲೇ ಸುಡುತ್ತದೆ. ಹಾಗಾಗಿ 1840ರ ಪುಸ್ತಕ ಗಟ್ಟಿಯಾಗಿದ್ದು 1940ರದ್ದು ಹಪ್ಪಳದಂತೆ ಮುರಿಯಬಹುದು. ಪರೀಕ್ಷಿಸಲೆಂದು ಮೂಲೆ ಮಡಿಸುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಮುರಿದ ಮೂಲೆ ಮತ್ತೆ ಕೂಡುವುದಿಲ್ಲ. ಪುಟ ಮಗುಚಿದ ಮೇಲೆ ಮೇಜಿನ ಮೇಲೆ ಕಂದು ಚೂರುಗಳು ಉದುರಿವೆಯೇ ನೋಡಿ, ಅದೇ ಸಾಕು.

ಹುಳುಗಳಲ್ಲಿ ಒಂದೊಂದರ ಗುರುತು ಒಂದೊಂದು. ದುಂಡಗಿನ ಸಣ್ಣ ತೂತು ಹಲವು ಪುಟಗಳನ್ನು ದಾಟಿ ಹೋಗಿದ್ದರೆ ದುಂಬಿಯ ಮರಿಹುಳು. ಕಾಗದದ ಮೇಲ್ಪದರ ಕೆರೆದಂತೆ ತೆಳ್ಳಗಾಗಿದ್ದರೆ ಸಿಲ್ವರ್‌ಫಿಶ್. ಬೈಂಡಿನ ಬಟ್ಟೆಯ ಮೇಲೆ ಬಣ್ಣ ಹೋದ ಮಚ್ಚೆಗಳಿದ್ದರೆ ಅಂಟಿನ ಆಸೆಗೆ ಬಂದ ಜಿರಳೆ. ಮಣ್ಣು ಮೆತ್ತಿಕೊಂಡು ನಡುಭಾಗವೇ ಮಾಯವಾಗಿದ್ದರೆ ಗೆದ್ದಲು. ಹಳೆಯ ತೂತಿಗೆ ಹೆದರಬೇಕಿಲ್ಲ. ಹುಳು ಈಗಲೂ ಇದೆಯೇ ಎಂಬುದು ಮುಖ್ಯ. ಬಿಳಿ ಹಾಳೆಯ ಮೇಲೆ ಪುಸ್ತಕದ ಬೆನ್ನನ್ನು ಮೆಲ್ಲಗೆ ತಟ್ಟಿ. ಹಿಟ್ಟಿನಂಥ ಹೊಸ ಪುಡಿ ಬಿದ್ದರೆ ಮನೆಯ ಬೇರೆ ಪುಸ್ತಕಗಳ ಹತ್ತಿರ ಅದನ್ನು ಸುಳಿಯಗೊಡಬೇಡಿ.

ಕಂದು ಚುಕ್ಕೆ ಬಿದ್ದ ಪುಟ ಓದಲು ಬರುತ್ತದೆ, ಅದು ದೊಡ್ಡ ದೋಷವಲ್ಲ. ಬೂಷ್ಟು ಬೇರೆ. ಹತ್ತಿಯಂತೆ ಮೆತ್ತಗೆ, ತೇವವಾಗಿದ್ದರೆ ಅದು ಬೆಳೆಯುತ್ತಿದೆ. ಅಂಥದ್ದು ಎಷ್ಟು ಅಗ್ಗವಾದರೂ ಬೇಡ.

ಎಲ್ಲಕ್ಕಿಂತ ನೋವಾಗುವುದು ರಿಪೇರಿ ಮಾಡಿದ ಪುಸ್ತಕ ನೋಡಿದಾಗ. ಗಮ್‌ಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಕಾಗದದೊಳಗೆ ಇಳಿದು ಹಳದಿ ಪಟ್ಟಿಯಾಗುತ್ತದೆ, ಪ್ಲಾಸ್ಟಿಕ್ ಮಾತ್ರ ಕಳಚಿ ಬೀಳುತ್ತದೆ. ಮರಗೆಲಸದ ಬಿಳಿ ಗೋಂದು ಒಮ್ಮೆ ಒಣಗಿದರೆ ಕಾಗದ ಹರಿಯದೆ ಬಿಡುವುದಿಲ್ಲ. ಲ್ಯಾಮಿನೇಷನ್ ಮಾಡಿಸಿದ ಮುಖಪುಟವನ್ನಂತೂ ಯಾರಿಂದಲೂ ಮೊದಲಿನಂತೆ ಮಾಡಲಾಗದು. ಹುಳು ಬಾರದಿರಲೆಂದು ಮೈದಾ ಅಂಟಿಗೆ ಮೈಲುತುತ್ತ ಬೆರೆಸುವುದು ಬೈಂಡಿಂಗಿನವರ ಹಳೆಯ ರೂಢಿ. ಅದರ ತಾಮ್ರವೂ ಕಾಗದವನ್ನು ಕೆಡಿಸುತ್ತದೆ. ಹರಿದ ಪುಟವನ್ನು ಹಾಗೇ ಬಿಡಿ. ಅಂಟಿಸಲೇಬೇಕಾದರೆ ತೆಳು ಜಪಾನಿ ಟಿಶ್ಯೂ ಕಾಗದ, ಬೇಯಿಸಿದ ಗೋಧಿಗಂಜಿಯ ಅಂಟು. ನೀರು ತಾಕಿಸಿದರೆ ಬಿಟ್ಟುಕೊಳ್ಳುವ ಅಂಟೇ ಆಗಬೇಕು.

ಗ್ರಂಥಾಲಯದ ಮುದ್ರೆ ಇದ್ದರೆ ‘ರದ್ದು’ ಎಂಬ ಮುದ್ರೆಯೂ ಇದೆಯೇ ನೋಡಿ. ಇಲ್ಲದಿದ್ದರೆ ಎಲ್ಲಿಂದ ಬಂತೆಂದು ಕೇಳಿ. ಸರಿಯಾದ ಉತ್ತರ ಬಾರದಿದ್ದರೆ ವಾಪಸು ಕೊಟ್ಟುಬಿಡಿ. ಪುಸ್ತಕದ ಹಿಂದಿನ ಮಾಲೀಕರ ಸಹಿ, ಪಕ್ಕದ ಟಿಪ್ಪಣಿಗಳನ್ನು ಅಳಿಸಬೇಡಿ. ತಾಳೆಗರಿಯ ವಿಷಯ ಪೂರ್ತಿ ಬೇರೆ: 75 ವರ್ಷ ದಾಟಿದ, ಸಾಹಿತ್ಯ ಅಥವಾ ಚರಿತ್ರೆಯ ದೃಷ್ಟಿಯಿಂದ ಬೆಲೆಯುಳ್ಳ ಹಸ್ತಪ್ರತಿ 1972ರ ಕಾಯ್ದೆಯಡಿ ಪುರಾತನ ವಸ್ತುವಾಗುತ್ತದೆ, ಖಾಸಗಿಯವರು ದೇಶದಾಚೆ ಒಯ್ಯುವಂತಿಲ್ಲ. ಯಾರ ಮನೆಯಲ್ಲಾದರೂ ಕಂಡರೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ದಾರಿ ತೋರಿಸಿ.

ಬೆಲೆ

ಆನ್‌ಲೈನಿನಲ್ಲಿ ‘ಗುಡ್’ ಎಂದು ಬರೆದಿದ್ದರೆ ಚೆನ್ನಾಗಿದೆ ಎಂದಲ್ಲ, ಸಾಕಷ್ಟು ಸವೆದಿದೆ ಎಂದು ಅರ್ಥ. ಹಣ ಕಳಿಸುವ ಮುನ್ನ ಮುಖಪುಟ, ಶೀರ್ಷಿಕೆ ಪುಟ ಮತ್ತು ಅದರ ಹಿಂಬದಿ, ಕೊನೆಯ ಪುಟ, ಬೆನ್ನು ಇಷ್ಟರ ಫೋಟೋ ಕೇಳಿ. ಪುಟ ಕಡಿಮೆಯಿರುವ ಪ್ರತಿಗೆ ಪೂರ್ಣ ಪ್ರತಿಯ ಕಾಲುಭಾಗಕ್ಕಿಂತ ಹೆಚ್ಚು ನಾನು ಕೊಡುವುದಿಲ್ಲ.

ಮನೆಗೆ ತಂದ ಮೇಲೆ

ಬಿಸಿಲಿಗೆ ಹರಡಬೇಡಿ, ಫ್ಯಾನಿನ ಕೆಳಗೆ ನೆರಳಲ್ಲಿ ಆರಲಿ. ಒಣಗಿದ ಮೆತ್ತನೆಯ ಬ್ರಷ್‌ನಿಂದ ಬೆನ್ನಿನ ಕಡೆಯಿಂದ ಹೊರಗೆ ಧೂಳು ತೆಗೆಯಿರಿ. ಹುಳುವಿನ ಅನುಮಾನವಿದ್ದರೆ ಪಾಲಿಥಿನ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಎರಡು ವಾರ ಡೀಪ್ ಫ್ರೀಜರಿನಲ್ಲಿಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ನೀರು ಕೂರುತ್ತದೆ. ನುಸಿಗುಳಿಗೆಯನ್ನು ನಾನು ಇಡುವುದಿಲ್ಲ. ಅದರ ಹೊಗೆ ಮನೆಯವರಿಗೆ ಒಳ್ಳೆಯದಲ್ಲ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಕಪಾಟನ್ನು ಹೊರಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದು, ವಾರಕ್ಕೊಮ್ಮೆ ಬಾಗಿಲು ತೆರೆದಿಡಿ.

ಕೊಂಡ ದಿನ, ಜಾಗ, ಬೆಲೆ, ಇಲ್ಲದ ಪುಟಗಳು ಇಷ್ಟನ್ನು ಬಿಡಿ ಚೀಟಿಯಲ್ಲಿ ಪೆನ್ಸಿಲ್‌ನಿಂದ ಬರೆದು ಒಳರಟ್ಟಿನ ಹತ್ತಿರ ಇಡಿ. ಇಲ್ಲದ ಪುಟಗಳ ಪಟ್ಟಿಯನ್ನು ಜೇಬಿನಲ್ಲೂ ಇಟ್ಟುಕೊಳ್ಳಿ. ಅದೇ ಪುಸ್ತಕದ ಇನ್ನೊಂದು ಪ್ರತಿ ಎಲ್ಲಾದರೂ ಸಿಕ್ಕಾಗ ಆ ಪುಟಗಳ ಜೆರಾಕ್ಸ್ ಕೇಳಬಹುದು.