ಪಾರ್ಸೆಲ್ ಬರಲಿಲ್ವಾ? ಸಂಜೆಯೊಳಗೆ ಇಷ್ಟು ಮಾಡಿ

ಕಳೆದ ವರ್ಷ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ, ನಮ್ಮ ಮನೆಗೆ ಬಿಪಿ ನೋಡುವ ಮೆಷಿನ್ ಒಂದು ಬರುವುದಿತ್ತು. ಅಮ್ಮ ಜಗಲಿಯಲ್ಲಿ ಕೂತು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದರು. ಗೇಟು ತೆರೆದೇ ಇತ್ತು. ನಾಯಿ ಒಂದು ಸಲವೂ ಬೊಗಳಲಿಲ್ಲ. ಸಂಜೆ 6.40ಕ್ಕೆ ಮೊಬೈಲ್‌ಗೆ ಮೆಸೇಜ್ ಬಂತು: 'ಡೆಲಿವರಿಗೆ ಬಂದಿದ್ದೆವು, ಗ್ರಾಹಕರು ಮನೆಯಲ್ಲಿ ಇರಲಿಲ್ಲ.' ಅಮ್ಮನಿಗೆ ಓದಿ ಹೇಳಿದೆ. 'ಹಾಗಾದ್ರೆ ಇಲ್ಲಿ ಕೂತದ್ದು ಯಾರು?' ಅಂದರು.

ಮೂರು ದಿನ ಇದೇ ಕತೆ. ನಾಲ್ಕನೇ ದಿನ 'ಡೆಲಿವರ್ಡ್' ಅಂತ ಬಂತು, ಪಾರ್ಸೆಲ್ ಬರಲಿಲ್ಲ. ಎರಡು ದಿನ ಕಳೆದ ಮೇಲೆ ಸಿಕ್ಕಿದ್ದು ಬಸ್‌ಸ್ಟಾಪಿನ ಗೂಡಂಗಡಿಯಲ್ಲಿ, ಬಾಳೆಗೊನೆಯ ಅಡಿಗೆ, ಸೋಡಾ ಕ್ರೇಟಿನ ಮೇಲೆ. ಮಳೆ ಇರಚಲು ಬಡಿದು ರಟ್ಟಿನ ಬಾಕ್ಸು ನೆನೆದ ಹಪ್ಪಳದ ಹಾಗೆ ಮೆತ್ತಗಾಗಿತ್ತು. 'ನಿಮ್ಮದಾ ಇದು? ಯಾರೂ ಕೇಳ್ಲೇ ಇಲ್ಲ' ಅಂದರು ಅಂಗಡಿಯವರು. ಮೆಷಿನ್ ಆನ್ ಆಗಲಿಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಮುಕ್ಕಾಲು ಗಂಟೆ ಕೂಗಾಡಿದೆ. ಒಂದು ಪೈಸೆ ಬರಲಿಲ್ಲ. ಯಾಕೆಂದರೆ ನನ್ನ ಕೈಯಲ್ಲಿ ಸಿಟ್ಟು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಸ್ಕ್ರೀನ್‌ಶಾಟ್ ಇಲ್ಲ, ದೂರಿನ ನಂಬರ್ ಇಲ್ಲ, ಬಾಕ್ಸು ಬಿಚ್ಚಿದ ವೀಡಿಯೋ ಇಲ್ಲ.

ಅದಾದ ಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಜ್ಜೆ 1: ವಿಳಾಸವನ್ನು ಪರ ಊರಿನವರ ಕಣ್ಣಲ್ಲಿ ಓದಿ

ಬೆಂಗಳೂರಿನಲ್ಲಿ ಇಷ್ಟನೇ ಮೇನು, ಇಷ್ಟನೇ ಕ್ರಾಸು ಅಂದರೆ ಮುಗಿಯಿತು. ನಮ್ಮ ದಕ್ಷಿಣ ಕನ್ನಡ, ಉಡುಪಿ ಕಡೆ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗದ್ದೆ, ತೋಡು, ಅಡಿಕೆ ತೋಟ. ಡೋರ್ ನಂಬರ್ 2-114/3 ಅಂತ ಇರುತ್ತದೆ, ಅದರ ಹಿಂದಿನ ನಂಬರಿನ ಮನೆ ಗುಡ್ಡದ ಆಚೆ ಇರುತ್ತದೆ. ಪೋಸ್ಟ್‌ಮ್ಯಾನ್‌ಗೆ ಇದು ಸಮಸ್ಯೆಯೇ ಅಲ್ಲ. ಮನೆ ಹೆಸರು ಸಾಕು, ಕೆಲವೊಮ್ಮೆ ಅಜ್ಜನ ಹೆಸರೂ ನಡೆಯುತ್ತದೆ. ಕೊರಿಯರ್ ಹುಡುಗನ ಕತೆ ಬೇರೆ. ಅವನು ಹೋದ ತಿಂಗಳು ಸೇರಿದವನು, ಬರುವ ತಿಂಗಳು ಇರುತ್ತಾನೋ ಇಲ್ಲವೋ. ಅವನಿಗೆ ಗೊತ್ತಿರುವುದು ಮೊಬೈಲ್ ಪರದೆಯ ಮೇಲಿನ ಎರಡು ಸಾಲು ಮಾತ್ರ.

ಅದರಲ್ಲಿ ನಾವು 'ದೈವಸ್ಥಾನದ ಹತ್ತಿರ' ಅಂತ ಬರೆದಿರುತ್ತೇವೆ. ಯಾವ ದೈವಸ್ಥಾನ ಮಾರಾಯ್ರೆ? ದೈವಸ್ಥಾನವೋ, ಪದವು, ಮಜಲು, ಬೈಲು, ಗುಡ್ಡೆ, ಕಟ್ಟೆ ಅಂತ ಹೆಸರಿನ ಜಾಗವೋ ಇಲ್ಲದ ಊರು ಈ ಎರಡು ಜಿಲ್ಲೆಯಲ್ಲಿ ಉಂಟಾ?

ಹಾಗಾಗಿ ಲ್ಯಾಂಡ್‌ಮಾರ್ಕ್ ಕಾಲಮ್ಮಿನಲ್ಲಿ ಜಾಗದ ಹೆಸರು ಬೇಡ, ದಾರಿ ಬರೆಯಿರಿ. ಸ್ಕೂಟರ್ ಮುಖ್ಯ ರಸ್ತೆಯಿಂದ ಎಲ್ಲಿ ತಿರುಗಬೇಕು, ಆಮೇಲೆ ಏನು ಕಾಣುತ್ತದೆ, ಗೇಟಿನ ಬಣ್ಣ ಏನು. 'ಬಸ್‌ಸ್ಟಾಪಿನಿಂದ ಎಡಕ್ಕೆ, ಭಜನಾ ಮಂದಿರ ದಾಟಿ ಕಾಂಕ್ರೀಟ್ ರಸ್ತೆ, ನೀಲಿ ಗೇಟು.' ಇಷ್ಟೇ ಸಾಕು. ಮ್ಯಾಪಿನಲ್ಲಿ ಲೊಕೇಶನ್ ಗುರುತು ಹಾಕುವಾಗ ಮನೆಯ ಮಾಡಿನ (ಛಾವಣಿಯ) ಮೇಲೆ ಹಾಕಬೇಡಿ, ಗೇಟಿನ ಮೇಲೆ ಹಾಕಿ. ತೋಟದ ನಡುವಿನ ಮನೆಗೆ ಮಾಡಿನ ಮೇಲೆ ಗುರುತು ಹಾಕಿದರೆ ಮ್ಯಾಪು ಹಿಂದಿನ ಗದ್ದೆಯ ಬದುವಿನಿಂದ ದಾರಿ ತೋರಿಸುತ್ತದೆ. ಎರಡನೇ ಫೋನ್ ನಂಬರ್ ಕೊಡುವಾಗ ಹಗಲು ಮನೆಯಲ್ಲಿರುವವರದ್ದು ಕೊಡಿ. ಅದೂ ನೆಟ್‌ವರ್ಕ್ ಸಿಗುವ ಸಿಮ್ಮಿನದ್ದು.

ಇನ್ನು ಪಿನ್‌ಕೋಡ್. 1972ರ ಆಗಸ್ಟ್ 15ರಂದು ಶುರುವಾದ ಈ ಆರು ಅಂಕಿಯಲ್ಲಿ ಕೊನೆಯ ಮೂರು ನಿಮಗೆ ಟಪ್ಪಾಲು ಹಂಚುವ ಅಂಚೆ ಕಚೇರಿಯದ್ದು. ಮಂಗಳೂರಿನ ಕೊಡಿಯಾಲಬೈಲು 575003, ಪಕ್ಕದ ಬಿಜೈ 575004. ಉಡುಪಿ 576101, ಮಣಿಪಾಲ 576104. ಜಾಸ್ತಿ ಎಡವಟ್ಟಾಗುವುದು ಕಾಪು, ಕಾರ್ಕಳದ ಕಡೆಯವರಿಗೆ. ಜಿಲ್ಲೆ ಉಡುಪಿ ತಾನೇ ಅಂತ 576 ಹಾಕಿಬಿಡುತ್ತಾರೆ. ಕಾಪು 574106, ಕಾರ್ಕಳ 574104. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ, ಪಿನ್‌ಕೋಡ್ ಅದಕ್ಕಿಂತ 25 ವರ್ಷ ದೊಡ್ಡದು. ಜಿಲ್ಲೆ ಒಡೆದರೂ ಅದು ಬದಲಾಗಲಿಲ್ಲ. ತಪ್ಪು ಪಿನ್ ಹಾಕಿದರೆ ಪಾರ್ಸೆಲ್ ಬೇರೆ ಊರಿನ ಗೋಡೌನ್ ನೋಡಿ ಬರುತ್ತದೆ.

ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ ಡಿಜಿಪಿನ್ ಅಂತ ಇನ್ನೊಂದನ್ನು ತಂದಿದೆ. ಅಕ್ಷರ, ಅಂಕಿ ಸೇರಿ ಹತ್ತು. ಸುಮಾರು ನಾಲ್ಕು ಮೀಟರ್ ಚೌಕದಷ್ಟು ಜಾಗವನ್ನು ಅದು ತೋರಿಸುತ್ತದೆ. ನಮ್ಮಂಥ ಚದುರಿದ ಮನೆಗಳಿಗೆ ಹೇಳಿ ಮಾಡಿಸಿದ್ದು. ಆದರೆ ಡೆಲಿವರಿ ಹುಡುಗನಿಗೆ ಹೇಳಿ ನೋಡಿ, ಒಟಿಪಿನಾ ಅಂತ ಕೇಳುತ್ತಾನೆ. ಸದ್ಯಕ್ಕೆ ವಾಟ್ಸಾಪ್ ಲೊಕೇಶನ್ ಕಳಿಸುವುದೇ ಸುಲಭ.

ಹೆಜ್ಜೆ 2: ಟ್ರ್ಯಾಕಿಂಗ್ ಓದುವಾಗ ಘಾಟಿಯ ಕಡೆಗೂ ನೋಡಿ

'ಔಟ್ ಫಾರ್ ಡೆಲಿವರಿ' ಅಂದರೆ ಚೀಲದಲ್ಲಿ ತುಂಬಿ ಹೊರಟಿದೆ ಅಂತ ಅಷ್ಟೇ. ಇವತ್ತೇ ನಿಮ್ಮ ಮನೆ ಮುಟ್ಟುತ್ತದೆ ಅಂತ ಅಲ್ಲ. 'ಇನ್ ಟ್ರಾನ್ಸಿಟ್' ಅಂತ ಮೂರು ದಿನ ನಿಂತಿದ್ದರೆ, ಮಳೆಗಾಲವಾದರೆ ಮೊದಲು ಪೇಪರ್ ನೋಡಿ. ಬೆಂಗಳೂರಿನ ಕಡೆಯಿಂದ ಲಾರಿಯಲ್ಲಿ ಬರುವ ಸರಕು ಹೆಚ್ಚಾಗಿ ಇಳಿಯುವುದು ಶಿರಾಡಿ ಘಾಟಿಯಲ್ಲಿ. 2024ರ ಜುಲೈಯಲ್ಲಿ ಅಲ್ಲಿ ರಸ್ತೆಗೂ ಗುಡ್ಡ ಜರಿಯಿತು, ಎಡಕುಮೇರಿ–ಕಡಗರವಳ್ಳಿ ನಡುವೆ ರೈಲು ಹಳಿಯ ಅಡಿಯ ಮಣ್ಣೂ ಜರಿಯಿತು. ಅಂಥ ಹೊತ್ತಲ್ಲಿ ಕಸ್ಟಮರ್ ಕೇರ್‌ನವರನ್ನು ಬೈದು ಸುಖ ಇಲ್ಲ. ಕಾನೂನು ಕೂಡ ಪ್ರಕೃತಿ ವಿಕೋಪದ ತಡಕ್ಕೆ ವಿನಾಯಿತಿ ಕೊಡುತ್ತದೆ.

ಪಾರ್ಸೆಲ್ ನಿಮ್ಮೂರಿನ ಹಬ್‌ಗೆ, ಅಂದರೆ ಕೊರಿಯರ್‌ನವರ ಗೋಡೌನ್‌ಗೆ ಬಂದು, ಅಲ್ಲಿಂದ ನಿಮ್ಮ ಮನೆಯ ಹತ್ತು ಕಿಲೋಮೀಟರ್ ದಾಟಲು ನಾಲ್ಕು ದಿನ ತೆಗೆದುಕೊಂಡರೆ ಅದಕ್ಕೆ ಘಾಟಿ ಕಾರಣ ಅಲ್ಲ. ಆಗ ಮುಂದಿನ ಹೆಜ್ಜೆ.

ಹೆಜ್ಜೆ 3: ಆ ಸಂಜೆಯೇ ಕೂತು ದಾಖಲೆ ಮಾಡಿ

ಎಲ್ಲಕ್ಕಿಂತ ಮುಖ್ಯ ಇದು. ನಾಳೆ ನೋಡುವ ಅಂತ ಬಿಟ್ಟರೆ ಕೆಟ್ಟಿತು. ಸ್ಟೇಟಸ್ ಬದಲಾಗುತ್ತದೆ, ಹಳೆಯದು ಕೆಲವೊಮ್ಮೆ ಕಾಣುವುದೇ ಇಲ್ಲ.

'ಗ್ರಾಹಕರು ಸಿಗಲಿಲ್ಲ' ಅನ್ನುವ ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆಯಿರಿ, ಮೇಲೆ ಟೈಮ್ ಕಾಣಬೇಕು. ಆಮೇಲೆ ನಿಮ್ಮ ಫೋನಿನ ಕಾಲ್ ಲಿಸ್ಟಿನದ್ದೂ ಒಂದು ತೆಗೆಯಿರಿ. ಯಾರೂ ತೆಗೆಯುವುದಿಲ್ಲ ಇದನ್ನು. 'ನಮ್ಮ ಹುಡುಗ ಎರಡು ಸಲ ಫೋನ್ ಮಾಡಿದ್ದ' ಅಂತ ಅವರು ಹೇಳಿದಾಗ ಬಾಯಿ ಮುಚ್ಚಿಸುವುದು ಅದೇ. ಎದುರು ಮನೆಯಲ್ಲಿ ಸಿಸಿಟಿವಿ ಇದ್ದರೆ ಆ ಹೊತ್ತಿನ ತುಣುಕು ಕೇಳಿಟ್ಟುಕೊಳ್ಳಿ. ಹೆಚ್ಚಿನ ಕ್ಯಾಮೆರಾಗಳಲ್ಲಿ ಕೆಲವು ದಿನ ಆದ ಮೇಲೆ ಹಳೆಯದು ಅಳಿಸಿಹೋಗುತ್ತದೆ.

ದೂರನ್ನು ಫೋನಲ್ಲಿ ಹೇಳಬೇಡಿ, ಆ್ಯಪ್‌ನ ಚಾಟ್ ಅಥವಾ ಇಮೇಲಿನಲ್ಲಿ ಬರೆಯಿರಿ. ಉದ್ದ ಬೇಡ. ನಾನು ಬರೆಯುವುದು ಹೀಗೆ: 'ಈ ತಾರೀಕು ಸಂಜೆ 6.40ಕ್ಕೆ ಡೆಲಿವರಿ ವಿಫಲ ಅಂತ ಮೆಸೇಜ್ ಬಂದಿದೆ. ಬೆಳಗ್ಗಿನಿಂದ ಮನೆಯಲ್ಲಿ ಇಬ್ಬರು ಇದ್ದೆವು. ಕರೆ ಬಂದಿಲ್ಲ, ಕಾಲ್ ಲಿಸ್ಟ್ ಲಗತ್ತಿಸಿದೆ. ಹುಡುಗ ಬಂದ ಜಾಗದ ಲೊಕೇಶನ್ ದಾಖಲೆ ಕೊಡಿ. ದೂರಿನ ನಂಬರ್ ಕೊಡಿ.' ಲೊಕೇಶನ್ ದಾಖಲೆ ಅಂದ ಕೂಡಲೇ ಮಾತಿನ ಧಾಟಿ ಬದಲಾಗುವುದನ್ನು ಎರಡು ಸಲ ನೋಡಿದ್ದೇನೆ.

ಬಾರದ ಪಾರ್ಸೆಲ್ 'ಡೆಲಿವರ್ಡ್' ಅಂತ ತೋರಿಸಿದರೆ ಮೊದಲು ಆಚೀಚೆ ಮನೆ, ವಾಚ್‌ಮ್ಯಾನ್, ಗೂಡಂಗಡಿ ಕೇಳಿ. ಅಲ್ಲಿ ಸಿಗಲಿಲ್ಲವಾದರೆ ಡೆಲಿವರಿಯ ಪುರಾವೆ ಕೇಳಿ. ಯಾರ ಸಹಿ, ಯಾವ ಫೋಟೋ, ಯಾವ ಒಟಿಪಿ.

ಹುಡುಗನ ಮೇಲೆ ರೇಗಬೇಡಿ. ಎಷ್ಟೋ ಕಡೆ ಅವರಿಗೆ ಕೊಡುವುದು ಪಾರ್ಸೆಲ್‌ಗೆ ಇಷ್ಟು ಅಂತ ಲೆಕ್ಕ. ರೈನ್‌ಕೋಟ್ ಹಾಕಿಕೊಂಡು, ಬೆನ್ನ ಮೇಲೆ ಚೀಲ ಹೊತ್ತು, ಕೆಸರು ದಾರಿಯಲ್ಲಿ ಒಂದು ಪಾರ್ಸೆಲ್‌ಗಾಗಿ ಒಳಗೆ ಬಂದರೆ ಪೆಟ್ರೋಲಿಗೂ ಗಿಟ್ಟುವುದಿಲ್ಲ. ಅವನ ಸುಳ್ಳಿಗೆ ಅವನದ್ದೇ ಕಾರಣ ಉಂಟು. ದೂರು ಕಂಪನಿಯ ಮೇಲೆ ಇರಲಿ.

ಹೆಜ್ಜೆ 4: ಬಿಚ್ಚುವ ಮೊದಲು ವೀಡಿಯೋ

ಬಾಕ್ಸಿನ ಆರೂ ಮುಖ, ಲೇಬಲ್, ಟೇಪು. ಆಮೇಲೆ ಬಿಚ್ಚಿ. ನಡುವೆ ನಿಲ್ಲಿಸಬೇಡಿ. ವೀಡಿಯೋ ಇರಲೇಬೇಕು ಅಂತ ಕಾನೂನು ಹೇಳುವುದಿಲ್ಲ, ಇದ್ದರೆ ಜಗಳ ಅರ್ಧ ಕಡಿಮೆ. ಪಾರ್ಸೆಲ್ ಕೈಗೆ ಬರುವ ಮೊದಲು ಒಟಿಪಿ ಹೇಳಬೇಡಿ.

ಹೆಜ್ಜೆ 5: ಗಡುವು ನೆನಪಿಸಿ

2020ರ ಇ-ಕಾಮರ್ಸ್ ನಿಯಮದಲ್ಲಿ ಗ್ರಾಹಕರ ಪರ ಒಳ್ಳೆಯ ಮಾತುಗಳು ಉಂಟು. ಪ್ರತಿ ಆನ್‌ಲೈನ್ ಮಾರಾಟ ಸಂಸ್ಥೆ ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ಪ್ರಕಟಿಸಬೇಕು. ಅವರು ದೂರು ಬಂದದ್ದನ್ನು 48 ಗಂಟೆಯೊಳಗೆ ಒಪ್ಪಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಹೇಳಿದ ದಿನ ದಾಟಿ ಬಂದ ವಸ್ತುವನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ದುಡ್ಡು ಕೊಡುವುದಿಲ್ಲ ಅಂತ ಮಾರಾಟಗಾರ ಹೇಳುವ ಹಾಗಿಲ್ಲ. ಗುಡ್ಡ ಜರಿದಂಥ ಕಾರಣ ಇದ್ದರೆ ಬೇರೆ ಮಾತು. ಬರಹದ ದೂರಿನಲ್ಲಿ ಈ 48 ಗಂಟೆ, ಒಂದು ತಿಂಗಳು ಎರಡನ್ನೂ ಸೇರಿಸಿ.

ಕೊರಿಯರ್‌ನವರು 'ನಮ್ಮದೇನೂ ಇಲ್ಲ, ಮಾರಿದವರನ್ನು ಕೇಳಿ' ಅಂದರೆ ಅಲ್ಲಿ ಹೊತ್ತು ಕಳೆಯಬೇಡಿ. ದುಡ್ಡು ಯಾರಿಗೆ ಕೊಟ್ಟಿರೋ ಅವರನ್ನೇ ಹಿಡಿಯಿರಿ. ನೀವೇ ಕೊರಿಯರ್ ಕಳಿಸುವುದಾದರೆ ಮಾತ್ರ ರಸೀದಿಯ ಹಿಂದಿನ ಇರುವೆಯಂಥ ಅಕ್ಷರ ಓದಿ. ಪರಿಹಾರಕ್ಕೆ ಮಿತಿ ಹಾಕಿದ ಷರತ್ತಿಗೆ ಸಹಿ ಮಾಡಿದರೆ ಅದಕ್ಕೆ ಕಟ್ಟುಬೀಳಬೇಕು ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ.

ತಿಂಗಳಾದರೂ ಜಪ್ಪಯ್ಯ ಅನ್ನದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿಗೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಮಂಗಳೂರಿನಲ್ಲೂ ಉಡುಪಿಯಲ್ಲೂ ಉಂಟು. ಕಂಪನಿ ಗುರುಗ್ರಾಮದಲ್ಲಿದ್ದರೂ ನೀವು ವಾಸ ಮಾಡುವ ಊರಿನಲ್ಲೇ ಕೇಸು ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. ಇ-ಜಾಗೃತಿ ಜಾಲತಾಣದಲ್ಲಿ ಮನೆಯಲ್ಲೇ ಕೂತು ಹಾಕಬಹುದು.

ನನ್ನ ಎರಡನೇ ಜಗಳ ಮಿಕ್ಸಿ ಜಾರಿನದ್ದು. ಮೂರು ಸ್ಕ್ರೀನ್‌ಶಾಟು, ಒಂದು ಇಮೇಲು, ಹನ್ನೊಂದನೇ ದಿನ ದುಡ್ಡು ವಾಪಸ್. ಒಂದು ಸಲವೂ ದನಿ ಏರಿಸಲಿಲ್ಲ.

ಹೆಜ್ಜೆ 6: ಅಂಚೆಯಾದರೆ ಬೇರೆ ದಾರಿ

ಸಾದಾ ಟಪ್ಪಾಲಿಗೆ ಟ್ರ್ಯಾಕಿಂಗ್ ಇಲ್ಲ, ಕಳೆದುಹೋದರೆ ಕೇಳುವವರೂ ಇಲ್ಲ. ಮುಖ್ಯವಾದ ಕಾಗದ ಅದರಲ್ಲಿ ಕಳಿಸಬೇಡಿ. ನಮಗೆಲ್ಲ ಪರಿಚಯದ ರಿಜಿಸ್ಟರ್ಡ್ ಪೋಸ್ಟ್ 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ. ಈಗ ಸ್ಪೀಡ್ ಪೋಸ್ಟ್‌ಗೇ 5 ರೂಪಾಯಿ ಮತ್ತು ಜಿಎಸ್‌ಟಿ ಹೆಚ್ಚು ಕೊಟ್ಟು ರಿಜಿಸ್ಟ್ರೇಷನ್ ಸೇರಿಸಬೇಕು. ಒಟಿಪಿ ಡೆಲಿವರಿಗೂ ಅಷ್ಟೇ. ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಿ.

ಮನೆಗೆ ಬೀಗ ಇದ್ದರೆ ಸ್ಪೀಡ್ ಪೋಸ್ಟ್ ಅಂಚೆ ಕಚೇರಿಯಲ್ಲಿ ಸಾಮಾನ್ಯವಾಗಿ ಏಳು ದಿನ ಇರುತ್ತದೆ. ಗುರುತಿನ ಚೀಟಿ ಹಿಡಿದುಕೊಂಡು ಹೋದರೆ ಕೊಡುತ್ತಾರೆ. ಗಲ್ಫಿಗೆ ಹೊರಟವರು ನೆನಪಿಡಿ: ಪಾಸ್‌ಪೋರ್ಟ್ ಅರ್ಜಿ ಹಾಕಿದವರ ಕೈಗೇ ಕೊಡುವುದು, ಅಣ್ಣ-ತಮ್ಮ ಅಂದರೂ ಆಗುವುದಿಲ್ಲ.

ದೂರಿಗೆ 1800 266 6868, ಇಲ್ಲವೇ ಅಂಚೆ ಇಲಾಖೆಯ ಜಾಲತಾಣ. 13 ಅಕ್ಷರದ ನಂಬರ್ ಇರುವ ರಸೀದಿ ಬೇಕೇ ಬೇಕು. ಅಲ್ಲಿ ಆಗದಿದ್ದರೆ ಅಂಚೆ ಅಧೀಕ್ಷಕರಿಗೆ ಕಾಗದ ಬರೆಯಿರಿ. ಮಂಗಳೂರು, ಉಡುಪಿ, ಪುತ್ತೂರು ಮೂರೂ ಬೇರೆ ಬೇರೆ ವಿಭಾಗ, ನಿಮ್ಮದು ಯಾವುದು ಅಂತ ಹತ್ತಿರದ ಅಂಚೆ ಕಚೇರಿಯಲ್ಲೇ ಹೇಳುತ್ತಾರೆ. ದೂರು ಕೇಳಲು ಆಗಾಗ ನಡೆಯುವ ಅಂಚೆ ಅದಾಲತ್ತಿನ ಸುದ್ದಿ ಪೇಪರಿನ ಒಳಪುಟದ ಮೂಲೆಯಲ್ಲಿ ಬರುತ್ತದೆ, ನೋಡುತ್ತಿರಿ. ಪರಿಹಾರದ ಆಸೆ ಮಾತ್ರ ಜಾಸ್ತಿ ಇಟ್ಟುಕೊಳ್ಳಬೇಡಿ. ಸ್ಪೀಡ್ ಪೋಸ್ಟ್ ತಡವಾದರೆ ಕೊಟ್ಟ ಶುಲ್ಕ ವಾಪಸ್. ಕಳೆದರೆ ಶುಲ್ಕದ ಎರಡರಷ್ಟು ಅಥವಾ 1,000 ರೂಪಾಯಿ, ಯಾವುದು ಕಡಿಮೆಯೋ ಅದು. ಬೆಲೆಬಾಳುವ ವಸ್ತುವಾದರೆ ವಿಮೆ ಮಾಡಿಸಿಯೇ ಕಳಿಸಿ.

ನಡುವೆ ಮೋಸದವರು

'ವಿಳಾಸ ಸರಿ ಇಲ್ಲ, ಪಾರ್ಸೆಲ್ ವಾಪಸ್ ಹೋಗುತ್ತದೆ, ಈ ಲಿಂಕ್ ಒತ್ತಿ' ಅಂತ ಎಸ್‌ಎಂಎಸ್ ಬಂದರೆ ಒತ್ತಬೇಡಿ. ಡೆಲಿವರಿಯವನು ಅಂತ ಹೇಳಿಕೊಂಡು *21* ಅಥವಾ *401* ಸೇರಿಸಿ ಯಾವುದೋ ನಂಬರ್ ಡಯಲ್ ಮಾಡಿ ಅಂದರೆ ಫೋನ್ ಇಡಿ. ಅದು ನಿಮ್ಮ ಕರೆಗಳನ್ನು ಅವರ ಕಡೆಗೆ ತಿರುಗಿಸುವ ಉಪಾಯ. ಗೊತ್ತಾಗದೆ ಒತ್ತಿದ್ದರೆ ##002# ಡಯಲ್ ಮಾಡಿ ರದ್ದು ಮಾಡಿ. ದುಡ್ಡು ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930.

ಕೊನೆಗೆ, ಒಂದು ಬಕೆಟ್

ಎಷ್ಟು ದೂರು ಕೊಟ್ಟರೂ ಮಳೆಗಾಲದಲ್ಲಿ ಯಾರಾದರೂ ಪಾರ್ಸೆಲ್ಲನ್ನು ಗೇಟಿನ ಬುಡದಲ್ಲಿ ಇಟ್ಟು ಹೋಗುವುದು ತಪ್ಪುವುದಿಲ್ಲ. ಅದಕ್ಕೆ ನಾನು 20 ಲೀಟರಿನ ಹಳೆ ಪೈಂಟ್ ಬಕೆಟ್ ತೊಳೆದು, ಮುಚ್ಚಳ ಸಮೇತ ಪಾಗಾರದ ಒಳಬದಿಗೆ ಸರಿಗೆಯಲ್ಲಿ ಕಟ್ಟಿದ್ದೇನೆ. ತಳದಲ್ಲಿ ಎರಡು ತೂತು, ನೀರು ನಿಲ್ಲಬಾರದಲ್ವಾ. ಮೇಲೆ ದೊಡ್ಡದಾಗಿ 'ಪಾರ್ಸೆಲ್ ಇಲ್ಲಿ ಹಾಕಿ' ಅಂತ ಬರೆದಿದೆ. ಅದರಲ್ಲಿ ಮೊದಲು ಬಂದು ಬಿದ್ದದ್ದು ಮೆಸ್ಕಾಂನ ಕರೆಂಟ್ ಬಿಲ್ಲು.